ಇಪ್ಪತ್ತೊಂಬತ್ತು ಸಾಲು

ಕುದುರೆ ಲಾಯ,
ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲ ಹಾವು ಕಂಡರೆ ಹಸಿವೇ ಮರೆತುಬಿಡ್ತೀಯಾ? ಮೊಣಕಾಲಿನ ಗಾಯ ಮಾಗಿತಾ? ಮೂರು ಸಲ ಫೋನ್ ಮಾಡಿದೆ. ನಿನ್ನ ಕಾಡಿಗೆ ಸಿಗ್ನಲ್ ಎಲ್ಲಿಂದ ಬರಬೇಕು! ಅದಕ್ಕೇ ಗಡಿ ದಾಟಿ ನಿನ್ನ ಕಡೆ ಬರೋ ಸಾಮಾನಿನ ಗಾಡಿಯವನ ಕೈಲಿ ಈ ಪತ್ರ ಕಳಿಸುತ್ತಿದ್ದೀನಿ. ಕೂತುಕೊಂಡು ಓದು.

ಅಪ್ಪನಿಗೆ ಹಾವು ಕಚ್ಚಿತು. ಜೀವಕ್ಕೆ ಭಯವಿಲ್ಲ ಅಂತ ನಿನ್ನೆ ಡಾಕ್ಟರ್ ಹೇಳಿದರು. ಬಲಗೈ ಮಾತ್ರ ಮೊಣಕೈವರೆಗೆ ತೆಗೆದುಬಿಟ್ಟಿದ್ದಾರೆ ಕಣೋ. ಮೂವತ್ತೊಂದು ವರ್ಷ ಲ್ಯಾಬಿನಲ್ಲಿ ಹಾವಿನ ವಿಷ ಹಿಂಡಿದ ಕೈ ಅದು.

ಕಚ್ಚಿದ್ದು ಲ್ಯಾಬಿಗೆ ಅಂತ ನೀನು ಕಳಿಸಿದ ಹಾವು. ನಮ್ಮೂರ ಮಂಡಲದ ಹಾವಿನ ಅದೇ ಕಂದು ಬಣ್ಣ, ಬೆನ್ನಿನ ಮೇಲೆ ಅದೇ ಚುಕ್ಕೆ. ಪೆಟ್ಟಿಗೆಯ ಚೀಟಿಯಲ್ಲಿ ನೀನೇ ಬರೆದಿದ್ದೆ, ‘ನಮ್ಮ ಮಂಡಲದ ಹಾವೇ. ಬೆನ್ನಿನ ಹುರುಪೆ ಸಾಲು ಎಣಿಸಿದೆ, ಇಪ್ಪತ್ತೊಂಬತ್ತು’ ಅಂತ. ಬಣ್ಣ ಒಂದೇ ಇದ್ದರೂ ಜಾತಿ ಬೇರೆಯಾದರೆ ಸಾಲಿನ ಲೆಕ್ಕ ಬೇರೆ; ಹೊಸ ಹಾವು ಬಂದರೆ ಚೀಟಿ ನಂಬದೆ ಮತ್ತೊಮ್ಮೆ ಎಣಿಸಬೇಕು ಅನ್ನೋ ನಿಯಮ ತಂದವರೇ ಅಪ್ಪ. ಆವತ್ತು ಅವರೇ ಎಣಿಸಲಿಲ್ಲ. ‘ನನ್ನ ಮಗ ಎಣಿಸಿದ್ದನ್ನ ನಾನು ತಿರುಗಿ ಎಣಿಸೋದಾ?’ ಅಂತ ಎಲ್ಲರ ಮುಂದೆ ನಕ್ಕರಂತೆ.

ವಿಷ ಹಿಂಡುವಾಗ ಹಾವಿನ ತಲೆ ಕೈಯಿಂದ ಜಾರಿತು. ನಮ್ಮ ಲ್ಯಾಬಿನದೇ ಇಂಜೆಕ್ಷನ್ ಕೊಟ್ಟರು. ಹತ್ತು ಬಾಟಲಿ ಹೋದರೂ ಊತ ಏರುತ್ತಲೇ ಇತ್ತು. ಆ ಔಷಧಿ, ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿದ ನನ್ನ ಕುದುರೆಗಳ ರಕ್ತದಿಂದ ಮಾಡಿದ್ದು. ಹುಲ್ಲು ಹಾಕಿ, ಮೈ ತಿಕ್ಕಿ ಸಾಕಿದವಳು ನಾನು. ಅಪ್ಪನಿಗೇ ಕೆಲಸಕ್ಕೆ ಬರಲಿಲ್ಲವಲ್ಲೋ. ದೇಶ ಬದಲಾದರೆ ಹಾವಿನ ವಿಷವೂ ಬದಲಾಗುತ್ತೆ ಅಂತ ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಹೇಳಿಕೊಟ್ಟವರೇ ಅವರು. ಡಾಕ್ಟರಿಗೆ ಅನುಮಾನ ಬಂದು, ನೀನಿರುವ ದೇಶದಿಂದ ಸರಿಯಾದ ಔಷಧಿ ತರಿಸೋ ಹೊತ್ತಿಗೆ ಮೂರು ದಿನ ಕಳೆದಿತ್ತು.

ವಿಚಾರಣೆಗೆ ಬಂದವರಿಗೆ ಅಪ್ಪ ಏನು ಹೇಳಿದರು ಗೊತ್ತಾ? ‘ಚೀಟಿ ಅದಲುಬದಲು ಮಾಡಿದ್ದು ನಾನೇ, ವಯಸ್ಸಾಯಿತು ನೋಡಿ.’ ಅವರು ಹೋದಮೇಲೆ ಎಡಗೈಯಲ್ಲಿ ನನ್ನ ಕೈ ಹಿಡಿದು ಕೇಳಿದರು, ‘ಅವನು ಎಣಿಸಿದ್ದ ತಾನೆ?’ ಎಣಿಸಿದ್ದ ಅಪ್ಪಾ ಅಂದೆ. ಆಮೇಲೆ ನಿದ್ದೆ ಬಂತು ಅವರಿಗೆ.

ನಿನ್ನ ಪತ್ರಗಳೆಲ್ಲ ಅವರ ದಿಂಬಿನ ಕೆಳಗಿವೆ. ಚಪ್ಪಟೆ ಬಾಲದ ಸಮುದ್ರದ ಹಾವು, ಮರದಿಂದ ಮರಕ್ಕೆ ತೇಲೋ ಹಾವು, ಎರೆಹುಳದಷ್ಟೇ ಇರೋ ಕುರುಡು ಹಾವು, ಎಲ್ಲದರ ಕಥೆಯೂ ನರ್ಸಿಗೆ ಬಾಯಿಪಾಠವಾಗಿದೆ. ‘ಜಗತ್ತಿನ ಹಾವೆಲ್ಲ ನನ್ನ ಮಗನಿಗೆ ಗೊತ್ತು’ ಅಂತಾರೆ.

ಮೈ ಜೋಪಾನ. ಬೂಟು ಹಾಕದೆ ಹುಲ್ಲಿಗೆ ಇಳಿಯಬೇಡ.

ನಿನ್ನ
ಅಕ್ಕ

ತಾ.ಕ.: ಗಾಡಿಯವನು ಹಾರ್ನ್ ಹೊಡೀತಿದ್ದಾನೆ. ಚೀಟಿ ಸುಟ್ಟುಹಾಕು ಅಂತ ಅಪ್ಪ ನನಗೆ ಕೊಟ್ಟರು. ಸುಟ್ಟಿಲ್ಲ. ಆ ಹಾವು ಬಿಟ್ಟ ಪೊರೆ ತಂದು ನಾನೇ ಎಣಿಸಿದೆ, ಎರಡು ಸಲ. ಇಪ್ಪತ್ತೈದು. ನೀನು ಎಣಿಸಿಯೇ ಇರಲಿಲ್ಲ. ಚೀಟಿಯ ಮೂಲೆಯಲ್ಲಿ ‘ಮೂರರಲ್ಲಿ ಒಂದು’ ಅಂತ ಇದೆ. ಉಳಿದೆರಡು ಎಲ್ಲಿಗೆ ಕಳಿಸಿದೆಯೋ? ನಿನ್ನ ಆಫೀಸಿನವರಿಗೂ ಗೊತ್ತಿಲ್ಲ. ಇದೇ ಗಾಡಿ ಹತ್ತಿ ಫೋನ್ ಸಿಗೋ ಕಡೆಗೆ ಬಾ. ‘ನಾನು ಎಣಿಸಿರಲಿಲ್ಲ’ ಅಂತ ಆ ಎರಡು ಹಾವು ತರಿಸಿಕೊಂಡವರಿಗೆ ನಿನ್ನ ಬಾಯಿಂದಲೇ ಹೇಳು. ಅಲ್ಲೂ ಯಾರೋ ನಿನ್ನ ಅಕ್ಷರ ನಂಬಿ ಗೂಡಿಗೆ ಕೈ ಹಾಕುತ್ತಿರುತ್ತಾರೆ. ಅಪ್ಪನಿಗೆ ಮಾತ್ರ ಹೇಳಬೇಡ.