ತಟ್ಟೆಗೆ ಎರಡೇ ಮಾತು

ಮಾರ್ಚ್ 6, ಬೆಳಿಗ್ಗೆ 9

ಬಾಯಿ ಮುಚ್ಚಿ ನಾಲ್ಕನೇ ದಿನ. ಮತ್ತೆ ಫೋನ್ ಹಿಡಿದು ಮನೆಯೆಲ್ಲ ಅಳೆದೆ. ಮುಂದಿನ ಕೋಣೆ — ವೈಫೈ ಗೆರೆ ನಾಲ್ಕು. ನಡುಮನೆ — ಎರಡು. ಅಡುಗೆಮನೆ ಬಾಗಿಲು — ಒಂದು, ಅದೂ ಫ್ರಿಜ್ ಕಡೆ ವಾಲಿದರೆ ಮಾಯ. ಹಿಂದಿನ ಕೋಣೆ — ಸೊನ್ನೆ. ನಿನ್ನೆಯೂ ಇಷ್ಟೇ ಇತ್ತು. ಸುಮ್ಮನೆ ಕೂರಲು ಬರುವುದಿಲ್ಲ, ಅದಕ್ಕೇ ಈ ಓಡಾಟ.

ಗಂಟಲಿನ ಗಂಟು ತೆಗೆದಿದ್ದಾರೆ. ಹದಿನೇಳನೇ ತಾರೀಖಿನವರೆಗೆ ಪಿಟ್ಟೆನ್ನಬಾರದು. ಪಿಸುಮಾತೂ ಇಲ್ಲ. ಹದಿನೇಳಕ್ಕೆ, ಹನ್ನೊಂದು ಗಂಟೆಗೆ, ಆಸ್ಪತ್ರೆಯ ಸ್ವರದ ಮೇಡಂ ವಿಡಿಯೋದಲ್ಲಿ ನನ್ನ ಮೊದಲ ಸದ್ದು ಕೇಳುತ್ತಾರೆ. ಕೇಳಿ ಹೇಳುತ್ತಾರೆ — ಮತ್ತೆ ಹರಾಜು ಕೂಗಬಹುದೋ, ಇಲ್ಲ ತೂಕದ ಚೀಟಿ ಬರೆಯುತ್ತಾ ಕೂರಬೇಕೋ. ತರಕಾರಿ ಮಾರ್ಕೆಟ್ಟಿಗೆ ಮೂಟೆ ಹೊರಲು ಬಂದವನು ನಾನು. ಮೇಲೆ ಬಂದದ್ದು ಗಂಟಲಿನಿಂದ. ಮೈಕ್ ಇಲ್ಲದೆ ಆ ತುದಿಗೆ ಮುಟ್ಟುತ್ತಿದ್ದ ಗಂಟಲು.

ಒಡೆದ ಸ್ವರದಲ್ಲೇ ಕೂಗಿದರೆ ಇರುವುದೂ ಹೋಗುತ್ತದಂತೆ. ಅದಕ್ಕೇ ಮೇಡಂ ಷರತ್ತು: ಕೋಣೆ ನಿಶ್ಶಬ್ದ, ನೆಟ್ ಗಟ್ಟಿ. "ಒಡೀತಾ ಇರೋದು ಸ್ವರಾನೋ ನೆಟ್ಟೋ ನನಗೆ ಗೊತ್ತಾಗ್ಬೇಕಲ್ಲ?" ಮುಂದಿನ ಕೋಣೆಯಲ್ಲಿ ನೆಟ್ ಇದೆ, ಗೋಡೆಯಾಚೆ ಕಬ್ಬಿಣ ಕೊಯ್ಯುವ ಅಂಗಡಿಯೂ ಇದೆ. ಹಿಂದಿನ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ನೆಟ್ ಮಾತ್ರ ಇಲ್ಲ. ಸಿಮ್ಮಿನ ನೆಟ್ಟೂ ಅಲ್ಲಿಗೆ ಕಾಲಿಡದು.

ಮಾರ್ಚ್ 8

ನೆಟ್ ಸಾಮಾನಿನ ಅಂಗಡಿ. ಚೀಟಿ ಕೊಟ್ಟೆ — "ಹಿಂದಿನ ಕೋಣೆಗೆ ವೈಫೈ ಬೇಕು. ಮಧ್ಯೆ ಮೂರು ಗೋಡೆ." ಮಾತಾಡದವನಿಗೆ ಕಿವಿಯೂ ಇಲ್ಲ ಅಂದುಕೊಂಡ ಅಂಗಡಿಯವನು. ಅವನೂ ಚೀಟಿಯಲ್ಲೇ ಉತ್ತರ ಬರೆದ! ನಾನು ಇನ್ನೊಂದು ಬರೆದೆ — "ಕಿವಿ ಚೆನ್ನಾಗಿದೆ." ಓದಿಕೊಂಡು, "ಓಹೋ, ಸರಿ ಸರಿ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಒಳ್ಳೆಯ ಗಂಟಲು. ಹೊಟ್ಟೆ ಉರಿಯಿತು.

"ಹಳೇ ರೂಟರ್‌ನಿಂದ ಈ ಪೆಟ್ಟಿಗೆಗೆ ಒಂದು ಕೇಬಲ್ ಎಳೀರಿ. ಆಕ್ಸೆಸ್ ಪಾಯಿಂಟ್ ಅಂತಾರೆ. ಇದು ಹಿಂದಿನ ಕೋಣೇಲಿ ಕೂತು ವೈಫೈ ಕೊಡುತ್ತೆ." ಹದಿನೇಳೂವರೆ ಮೀಟರ್ ಸಾಕಿತ್ತು, ಅಳೆದೇ ಹೋಗಿದ್ದೆ. ಇಪ್ಪತ್ತರದ್ದು ಕಟ್ಟಿದ. ಚೌಕಾಸಿಗೆ ಬಾಯಿ ಬೇಕಲ್ಲ... ಹುಟ್ಟಿದಮೇಲೆ ಮೊದಲ ಸಲ ಹೇಳಿದ ಬೆಲೆಗೆ ಕೊಂಡೆ.

ಮಾರ್ಚ್ 9, ಸಂಜೆ

ಹೆಂಡತಿ ಮುಂದೆ, ರೂಟರ್ ಹತ್ತಿರ. ನಾನು ಹಿಂದಿನ ಕೋಣೆಯಲ್ಲಿ, ಫೋನ್ ಹಿಡಿದು. ಅಲ್ಲಿಂದ ಅವಳು, "ಬಂತಾ?" ನಾನು ಹೇಗೆ ಹೇಳಲಿ? ಸ್ಟೀಲ್ ತಟ್ಟೆ, ಚಮಚ ತಂದು ಕೈಗಿಟ್ಟಳು. "ಒಂದು ಸಲ ಹೊಡೆದ್ರೆ ಹೌದು. ಎರಡು ಸಲ ಅಂದ್ರೆ ಇಲ್ಲ. ಮೂರು ಸಲ ಹೊಡೆದ್ರೆ ನಾನು ತವರಿಗೆ ಹೊರಟೆ ಅಂತ."

ಗೆರೆ ನಾಲ್ಕಕ್ಕೆ ನಾಲ್ಕು. ಒಂದು ಪುಟವೂ ತೆರೆಯದು. ಟಣ್ ಟಣ್. "ಈಗ?" ಟಣ್ ಟಣ್. "ಕೇಬಲ್ ಕಿತ್ತು ಹಾಕ್ದೆ, ಈಗ?" ಟಣ್ ಟಣ್.

"ಇಪ್ಪತ್ತೆಂಟು ವರ್ಷ ನನ್ನ ಯಾವ ಮಾತಿಗೂ ಹೌದು ಅಂದವರಲ್ಲ. ಈಗ ಕೈಗೆ ತಟ್ಟೆ ಬೇರೆ ಸಿಕ್ತು!"

ಮಾರ್ಚ್ 10

ಇವಳು ಅಂಗಡಿಗೆ ಫೋನ್ ಹಚ್ಚಿದಳು. ತಪ್ಪು ಸಿಕ್ಕಿತು. ಮನೆಯ ಫೋನುಗಳಿಗೆಲ್ಲ ಒಂದೊಂದು ನಂಬರ್ ಹಂಚುವುದು ಹಳೇ ರೂಟರ್ ಕೆಲಸ. ಹೊಸ ಪೆಟ್ಟಿಗೆಯೂ ತನ್ನ ಪಾಡಿಗೆ ಹಂಚುತ್ತಾ ಕೂತಿದೆ. ಅದರ ಹಂಚುವಿಕೆ ಆಫ್ ಮಾಡಬೇಕು. ತಕ್ಷಣ ಅರ್ಥವಾಯಿತು — ಒಂದೇ ರಾಶಿಗೆ ಇಬ್ಬರು ಹರಾಜು ಕೂಗಿದರೆ ಕೊಳ್ಳುವವನು ಯಾರ ಕಡೆ ತಿರುಗುತ್ತಾನೆ?

ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದೆ. "ಬಂತಾ?" ಟಣ್. ಒಂದೇ. ನಂಬಲಿಲ್ಲ, ಓಡಿ ಬಂದು ಕಣ್ಣಾರೆ ನೋಡಿದಳು.

ಪೆಟ್ಟಿಗೆಯನ್ನೇ ನೋಡುತ್ತಾ ಕೂತೆ. ಸ್ವಂತ ಮಾತಿಲ್ಲ, ಮುಂದಿನ ಕೋಣೆಯವನ ಮಾತು ದಾಟಿಸುವುದಷ್ಟೇ. ಮಾರ್ಕೆಟ್ಟಿನಲ್ಲಿ ನನ್ನ ಜಾಗದಲ್ಲಿ ಈಗ ಭಾಮೈದ ಕೂಗುತ್ತಿದ್ದಾನೆ. ಒಂದೇ ರಾಶಿಗೆ ಇಬ್ಬರು... ಬೇಡ, ಆ ಲೆಕ್ಕ ಬೇಡ.

ಮಾರ್ಚ್ 11, ಮಧ್ಯಾಹ್ನ 12

ಕೇಬಲ್ ನೆಲದ ಮೇಲಿತ್ತು. ಬಾಗಿಲಿಗೆ ಸಿಕ್ಕಿ ಕಿತ್ತು ಬರುತ್ತಿತ್ತು. ಬಾಗಿಲ ಮೇಲಿಂದ ತರುತ್ತೇನೆ ಅಂತ ಇವಳು ಸ್ಟೂಲ್ ಹತ್ತಿದಳು. ನಾನು ಹತ್ತಬಾರದು, ಡಾಕ್ಟರ್ ಅಪ್ಪಣೆ. ಸ್ಟೂಲ್ ಹಿಡಿಯಬೇಕಾದವನು ಒಳಗೆ ಗೆರೆ ಎಣಿಸುತ್ತಿದ್ದೆ. ತಲೆಯೆತ್ತಿದಾಗ ಸ್ಟೂಲಿನ ಒಂದು ಕಾಲು ಗಾಳಿಯಲ್ಲಿ.

ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಹೌದು ಇದೆ, ಇಲ್ಲ ಇದೆ. 'ಹುಷಾರು' ಅನ್ನುವ ಮಾತಿಲ್ಲ.

"ಕಂಬಿ ಹಿಡ್ಕೊಳೇ!"

ಪಕ್ಕದ ಕಿಟಕಿ ಕಂಬಿ ಹಿಡಿದು ನೇತಾಡಿದಳು. ಸ್ಟೂಲ್ ಬಿತ್ತು, ಅವಳು ಬೀಳಲಿಲ್ಲ. ನನ್ನಿಂದ ಹೊರಟ ಸದ್ದು ನನ್ನದಲ್ಲ — ಸಿಮೆಂಟ್ ನೆಲದ ಮೇಲೆ ಕಬ್ಬಿಣದ ಟ್ರಂಕ್ ಎಳೆದ ಹಾಗೆ.

ಇಳಿದವಳೇ ತರಾಟೆಗೆ ತೆಗೆದುಕೊಂಡಳು. "ಕಾಲು ಮುರಿದ್ರೆ ಕೂಡುತ್ತೆ ರೀ. ಗಂಟಲು ಕೂಡುತ್ತಾ?" ಮುಖ ತೊಳೆದು ಬಂದಮೇಲೆ, ಮೆಲ್ಲಗೆ, "ನಾನೇನೂ ಕೇಳಿಸ್ಕೊಂಡಿಲ್ಲ. ಮೇಡಂಗೂ ಹೇಳೋದು ಬೇಡ."

ಮಾರ್ಚ್ 15

ಮೂರು ದಿನ ಬರೆಯಲಿಲ್ಲ. ಎಂಜಲು ನುಂಗಿದರೆ ಚುಚ್ಚುತ್ತದೆ. ಚುಚ್ಚುತ್ತದೋ, ಚುಚ್ಚುತ್ತದೆ ಅಂದುಕೊಳ್ಳುತ್ತೇನೋ. ಗುನುಗಿ ನೋಡಲೂ ಹೆದರಿಕೆ. ಹಿಂದಿನ ಕೋಣೆಗೆ ಐದು ಸಲ ಹೋಗಿಬಂದೆ. ಐದು ಸಲವೂ ನಾಲ್ಕು ಗೆರೆ. ನೆಟ್ಟಿಗೇನೂ ಧಾಡಿಯಿಲ್ಲ.

ಭಾಮೈದ ಬಂದಿದ್ದ. "ಭಾವ, ನೀವಿಲ್ದೆ ಮಾರ್ಕೆಟ್ ಬಿಕೋ ಅಂತಿದೆ. ನಾನು ಕೂಗಿದ್ರೆ ಮೂರನೇ ಸಾಲಿನವರೇ 'ಏನಂದೆ?' ಅಂತಾರೆ." ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು. ಅವನ ಗಂಟಲು ಕರಕರ ಅನ್ನುತ್ತಿತ್ತು. ಚೀಟಿ ಬರೆದುಕೊಟ್ಟೆ — "ಗಂಟಲಿಂದ ಕೂಗಬೇಡ. ಹೊಟ್ಟೆಯಿಂದ ಕೂಗು." ಮಡಿಸಿ ಜೇಬಿಗಿಟ್ಟುಕೊಂಡ.

ಮಾರ್ಚ್ 17, 10.40

ಹಿಂದಿನ ಕೋಣೆ. ಕಿಟಕಿ ಮುಚ್ಚಿದೆ. ನೀರು, ಚೀಟಿ, ಪೆನ್ನು, ತಟ್ಟೆ. ಗೆರೆ ನಾಲ್ಕು. ಎದ್ದೆ, ಕೂತೆ, ಎದ್ದೆ. "ಕುರ್ಚಿಗೆ ಮುಳ್ಳಿದೆಯಾ?" ಅಂದಳು ಇವಳು.

11.15

ಮೇಡಂ ತಟ್ಟೆ ನೋಡಿ ಏನದು ಅಂದರು. ಇವಳು ಒಂದರ ಅರ್ಥ, ಎರಡರ ಅರ್ಥ ಹೇಳಿದಳು. ನಕ್ಕರು, ಕೇಳಿದ್ದಕ್ಕೆ ಉತ್ತರ ಅದರಲ್ಲೇ ಕೊಡಿ ಅಂದರು.

ಮೊದಲು "ಮ್" ಅನ್ನಿಸಿದರು. ಬಂತು. ಆಮೇಲೆ "ಆ" ಎಳೆಯಿರಿ ಅಂದರು. ನಾಲ್ಕು ಎಣಿಸುವವರೆಗೆ ಬಂತು, ಮುರಿಯಿತು. ಮತ್ತೆ ಎಳೆದೆ. ಅಲ್ಲೇ ಮುರಿಯಿತು.

"ಒಡೀತಾ ಇದೆಯಲ್ಲ... ನಿಮ್ಮ ನೆಟ್ ಇರ್ಬೇಕು, ಅಲ್ವಾ?"

"ನೆಟ್ಟೇ ಮೇಡಂ," ಇವಳು, ನಾನು ಉಸಿರೆಳೆಯುವ ಮೊದಲೇ. "ಮೂರು ಗೋಡೆ ದಾಟಿ ಬರ್ಬೇಕು, ಪಾಪ."

"ನೆಟ್ಟೇ ಆಗಿದ್ರೆ ಸ್ವರಕ್ಕೆ ತೊಂದರೆಯಿಲ್ಲ. ನಿಧಾನವಾಗಿ ಕೂಗೋಕೆ ಶುರು ಮಾಡ್ಬಹುದು. ಹಾಗೇ ಬರ್ಕೊಳ್ಳಲಾ, ಯಜಮಾನ್ರೇ?"

ಬರೆದುಕೊಳ್ಳಲು ಮೇಡಂ ಕನ್ನಡಕ ಹುಡುಕುತ್ತಿದ್ದಾರೆ. ಆ ಸಂದಿನಲ್ಲಿ ಇದನ್ನು ಗೀಚುತ್ತಿದ್ದೇನೆ. ಪೆಟ್ಟಿಗೆಯ ದೀಪ ಹಸಿರು. ಗೆರೆ ನಾಲ್ಕಕ್ಕೆ ನಾಲ್ಕು. ಇವಳು ಅದನ್ನು ನೋಡುತ್ತಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಾಳೆ. ಕನ್ನಡಕ ಸಿಕ್ಕಿತು. ಎರಡು ಸಲ ಹೊಡೆಯಬೇಕು. ಒಂದಕ್ಕೇ ಕೈ ನಿಂತರೆ ಹೌದು ಅಂತಾಗಿಬಿಡುತ್ತದೆ. ಪೆನ್ನು ಕೆಳಗಿಟ್ಟು ಚಮಚ