ಕಿತ್ತಳೆ ಬಣ್ಣದ ಚುಕ್ಕೆ

ಭಾನುವಾರ, ಮಧ್ಯಾಹ್ನ
ಗ್ಯಾರೇಜಿನ ಒಳಗಿನ ಕೋಣೆ

ನನ್ನ ಚಿಕ್ಕ ಮೇಸ್ತ್ರಿಗೆ,

ಅಂಗೈಯಲ್ಲಿ ಗ್ರೀಸು, ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡೇ ಕೂತಿರುವ ನಿನ್ನ ಅಮ್ಮನ ಆಶೀರ್ವಾದ. ಮಂಡಿನೋವು ಹಾಗೇ ಇದೆ, ಬೈಯುವ ಬಾಯಿಯೂ ಹಾಗೇ ಇದೆ. ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದನ್ನೇ ನೆಪ ಮಾಡಿಕೊಂಡು ಮಾತು ತಿರುಗಿಸುತ್ತೇನೆ. ಈ ಸಲ ತಿರುಗಿಸಬಾರದು.

ನೀನು ಕೇಳಿದ ಗಾಡಿಗಾಗಿ ಹದಿನೈದು ದಿನ ಅಲೆದಿದ್ದೇನೆ. ರಜೆ ಸಿಕ್ಕಾಗ ಗೆಳತಿಯರ ಜೊತೆ ಗುಡ್ಡದ ಕಾಲುದಾರಿಗಳಲ್ಲಿ ಓಡಿಸುವುದಕ್ಕೆ, ಹೊಸದಾಗಿ ಕಲಿಯುವವಳ ಕೈಗೆ ಬಗ್ಗುವ, ನಿನ್ನ ಸಂಬಳಕ್ಕೂ ಎಟುಕುವ ಒಂದು ಹಳೆಯ ಬೈಕು. ಕೇಳುವುದಕ್ಕೆ ಸುಲಭದ ಕೆಲಸ. ಆದರೆ ಕೊನೆಗೆ ಒಂದು ಸಾಲು ಸೇರಿಸಿದ್ದೀಯಲ್ಲ, "ನೀನು ಆರಿಸಿದ ಗಾಡಿ ಅಂದ್ರೆ ಕಣ್ಮುಚ್ಕೊಂಡು ಹತ್ತೀನಿ ಅಮ್ಮಾ" ಎಂದು, ಅದನ್ನು ದಾಟಿ ಮುಂದೆ ಹೋಗುವುದಕ್ಕೆ ನನಗೆ ಆಗುತ್ತಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೂತು ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವವಳು ನೀನು. ಅಮ್ಮನ ವಿಷಯ ಬಂದ ಕೂಡಲೇ ಕಣ್ಣು ಮುಚ್ಚುತ್ತೀಯಂತೆ.

ಈ ಹಳೆಯ ಗಾಡಿ ಮಾರುವ ಜನರನ್ನು ನೋಡಿ ನನಗೆ ಹೇಸಿಗೆ ಹುಟ್ಟಿಹೋಗಿದೆ. ಮೊದಲನೆಯವನು ಮೈತುಂಬ ಸೆಂಟು ಪೂಸಿಕೊಂಡು ಗೇಟಿನಲ್ಲೇ ಕಾಯುತ್ತಿದ್ದ. ಡಾಕ್ಟರ ಗಾಡಿಯಂತೆ, ಆಸ್ಪತ್ರೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಆಸ್ಪತ್ರೆ. ಸೈಲೆನ್ಸರಿನ ಒಳಬದಿಯಲ್ಲಿ ಹಿಡಿಯಷ್ಟು ಕೆಸರು ಒಣಗಿ ಕೂತಿತ್ತು. ಯಾವ ಡಾಕ್ಟರು ಕೆಸರುಗದ್ದೆಯಲ್ಲಿ ಆಸ್ಪತ್ರೆ ಇಟ್ಟಿದ್ದಾರೋ! ಎಂಜಿನ್ನಿಗೆ ಕೈ ತಾಗಿಸಿದೆ, ಬೆಚ್ಚಗಿತ್ತು. ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾನೆ, ತಣ್ಣಗಿದ್ದಾಗ ಅದು ಹತ್ತು ಸಲ ಒದ್ದರೂ ಏಳುವುದಿಲ್ಲ ಎಂಬುದು ನನಗೆ ಗೊತ್ತಾಗಬಾರದೆಂದು. ಮೇಲಾಗಿ ಅದು ರೇಸಿನ ಗಾಡಿ. ಸೀಟು ನನ್ನ ಎದೆಯ ಮಟ್ಟಕ್ಕಿದೆ, ಆಗಾಗ ಎಂಜಿನ್ ಬಿಚ್ಚುತ್ತಲೇ ಇರಬೇಕು. ಕಾಲು ನೆಲಕ್ಕೆ ಎಟುಕದ ಗಾಡಿಯಲ್ಲಿ ಕಲಿಯುವವರು ಮೊದಲು ಕಲಿಯುವುದು ಬೀಳುವುದನ್ನು. ನನ್ನ ಮಗಳು ಹೊಸದಾಗಿ ಕಲಿಯುತ್ತಾಳೆ ಎಂದು ಅವನಿಗೆ ಹೇಳಿಯೇ ಹೋಗಿದ್ದೆ. ಆದರೂ, "ಇದ್ರಲ್ಲೇ ಕಲೀಲಿ ಮೇಡಂ, ಆಮೇಲೆ ಯಾವ್ದೂ ಕಷ್ಟ ಆಗಲ್ಲ" ಎಂದು ನಗುತ್ತಾನೆ. ಥೂ, ಆ ನಗುವನ್ನು ನೋಡಬೇಕಿತ್ತು ನೀನು.

ಎರಡನೆಯದು ಅಂಗಡಿ. ಸಾಲಾಗಿ ಇಪ್ಪತ್ತು ಗಾಡಿ, ಎಲ್ಲವೂ ಮದುಮಗನ ಹಾಗೆ ಮಿರಮಿರ. ಟಯರಿಗೆ ಕಪ್ಪು ಪಾಲಿಶ್, ಎಂಜಿನ್ನಿಗೆ ಬೆಳ್ಳಿ ಬಣ್ಣ, ಚಕ್ರದ ತುಕ್ಕು ಹಿಡಿದ ಕಡ್ಡಿಗಳ ಮೇಲೂ ಬೆಳ್ಳಿ ಬಣ್ಣ. ಮುಂದಿನ ಚಕ್ರ ಹಿಡಿದಿರುವ ಫೋರ್ಕನ್ನು ಒರೆಸಿ ಕನ್ನಡಿ ಮಾಡಿದ್ದರು. ನಾನು ಹ್ಯಾಂಡಲ್ ಹಿಡಿದು ಮೈಭಾರ ಹಾಕಿ ನಾಲ್ಕು ಸಲ ಅದುಮಿದೆ. ಐದನೆಯ ಸಲಕ್ಕೆ ಸೀಲು ಸೋರಿ ಸುತ್ತ ಎಣ್ಣೆಯ ಉಂಗುರ ಮೂಡಿತು. "ಅದು ಎಣ್ಣೆ ಅಲ್ಲಮ್ಮ, ಬೆಳಿಗ್ಗೆ ತೊಳೆದ ನೀರು" ಎಂದ ಮಾಲೀಕ. ಬೆರಳಲ್ಲಿ ತೆಗೆದು ಅವನ ಮೂಗಿನ ಹತ್ತಿರ ಹಿಡಿದೆ. ನೀರಿಗೂ ಎಣ್ಣೆಗೂ ವ್ಯತ್ಯಾಸ ತಿಳಿಯದಷ್ಟು ಮುಗ್ಧನೇನೋ ಎಂಬಂತೆ ಮುಖ ಮಾಡಿದ. ಹಿಂದಿನ ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿದರೆ ಅರ್ಧದಷ್ಟು ಟಣ್ ಎನ್ನಲೇ ಇಲ್ಲ, ಸಡಿಲವಾಗಿ ಡಬ್ ಡಬ್ ಅಂದವು. ಚೈನು ಸುತ್ತುವ ಸ್ಪ್ರಾಕೆಟಿನ ಹಲ್ಲುಗಳು ಸವೆದು ಕೊಕ್ಕೆಯಾಗಿದ್ದವು. ಮನೆಗೆ ಬಂದು ಎರಡು ಸಲ ಕೈ ತೊಳೆದರೂ ಆ ಪಾಲಿಶಿನ ವಾಸನೆ ಹೋಗಲಿಲ್ಲ. ಅನ್ನ ಸೇರಲಿಲ್ಲ ಕಣೇ.

ಮೂರನೆಯದರಲ್ಲಿ ಚಾಸಿ ನಂಬರನ್ನೇ ಉಜ್ಜಿ ಹಾಕಿದ್ದರು, ಕದ್ದ ಮಾಲೇ ಇರಬೇಕು. ಗಂಡ ಹೆಂಡತಿ ಇಬ್ಬರೂ ನಿಂತು, ಅದು ತುಕ್ಕು ಹಿಡಿದು ಹೋಯಿತು ಎಂದು ಒಂದೇ ಉಸಿರಿಗೆ ಹೇಳಿದರು. ನಾನು ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಳ್ಳದೆ ಹೊರಟುಬಂದೆ.

ಇಷ್ಟೆಲ್ಲ ಬೈದದ್ದು ಯಾಕೆ ಗೊತ್ತೇ? ಬೈಯುವಷ್ಟು ಹೊತ್ತು ನಾನು ಒಳ್ಳೆಯವಳಾಗಿರುತ್ತೇನೆ. ನಾಲ್ಕನೆಯ ಗಾಡಿಯ ವಿಷಯಕ್ಕೆ ಬರಬೇಕಲ್ಲ, ಅದಕ್ಕೆ ಹೆಜ್ಜೆ ಏಳುತ್ತಿಲ್ಲ.

ಆ ಜಾಹೀರಾತಿನಲ್ಲಿ ಬರೀ ಫೋನ್ ನಂಬರಿತ್ತು. ನೀಲಿ ಗಾಡಿ, ಚಿಕ್ಕ ಎಂಜಿನ್, ತಗ್ಗು ಸೀಟು, ಹೆಚ್ಚು ಓಡಿಲ್ಲ. ಫೋನು ತೆಗೆದ ಹೆಂಗಸು ಬಾಯಿತುಂಬ ಮಾತಾಡಿ ವಿಳಾಸ ಕೊಟ್ಟರು. ನಿನ್ನೆ ಶನಿವಾರ ಹೋದೆ. ಬಾಗಿಲು ತೆಗೆದವರು ಡ್ರಾಯಿಂಗ್ ಮೇಷ್ಟ್ರು. ನೆನಪಿದೆಯಲ್ಲ, ನಮ್ಮ ಗ್ಯಾರೇಜಿಗೆ ಬಂದಾಗಲೆಲ್ಲ ಬಿಲ್ಲಿನ ಹಿಂಬದಿಯಲ್ಲಿ ನಿನ್ನ ಚಿತ್ರ ಬರೆದುಕೊಡುತ್ತಿದ್ದರು, ಎರಡು ಜಡೆ, ಕೈಯಲ್ಲಿ ಸ್ಪ್ಯಾನರ್. ಮನೆ ಬದಲಾಯಿಸಿದ್ದಾರೆ. "ಅಯ್ಯೋ, ದೊಡ್ಡ ಮೇಸ್ತ್ರಿ! ಬನ್ನಿ ಬನ್ನಿ" ಎಂದು ಎಡಗೈಯಿಂದ ಬಾಗಿಲು ಹಿಡಿದರು. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿ ಅಲ್ಲಾಡದೆ ನಿಂತಿದೆ. ಗಾಡಿಯಿಂದ ಒಂದು ಸಲ ಬಿದ್ದರಂತೆ, ಆಮೇಲೆ ಹತ್ತಲೇ ಇಲ್ಲವಂತೆ. "ನಂದೇ ತಪ್ಪು, ಕಲ್ಲಿಗೆ ಹೊಡ್ಸಿರ್ಬೇಕು" ಎಂದರು. ಈಗ ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುತ್ತಾರಂತೆ, ಗೆರೆ ಸೊಟ್ಟ ಬಂದರೆ ಮಕ್ಕಳು ನಗುತ್ತಾರಂತೆ, ಇವರೂ ಅವರ ಜೊತೆ ನಗುತ್ತಾರಂತೆ. ಅವರು ಬಿದ್ದದ್ದು ನನಗೆ ಗೊತ್ತಾದದ್ದು ನಿನ್ನೆಯೇ.

ಗಾಡಿ ಹಿತ್ತಲಿನಲ್ಲಿ ಹಳೆಯ ದುಪಟಿ ಹೊದ್ದು ನಿಂತಿತ್ತು. ದುಪಟಿ ಎತ್ತಿದೆ. ಒಂದೊಂದು ಬೋಲ್ಟಿನ ತಲೆಯ ಮೇಲೂ ನಿನ್ನ ಕಿತ್ತಳೆ ಬಣ್ಣದ ಚುಕ್ಕೆ.

ಆ ಉಗುರುಬಣ್ಣವನ್ನು ನಿನ್ನ ಚಿಕ್ಕಮ್ಮ ಕೊಟ್ಟಿದ್ದಳು. ಇಂಥ ಕೆಟ್ಟ ಬಣ್ಣ ಯಾರು ಹಚ್ಚಿಕೊಳ್ಳುತ್ತಾರೆ ಎಂದು ನೀನು ಅದನ್ನು ಗ್ಯಾರೇಜಿಗೆ ತಂದಿಟ್ಟೆ. ನಮ್ಮಲ್ಲಿ ನಡೆದುಕೊಂಡು ಬಂದ ಕ್ರಮ ಒಂದೇ. ಬಿಗಿಯುವವಳು ನಾನು, ಮತ್ತೆ ಸ್ಪ್ಯಾನರ್ ಇಟ್ಟು ನೋಡಿ ಚುಕ್ಕೆ ಇಡುವವಳು ನೀನು. ನಾನು ಬಿಗಿದದ್ದಕ್ಕೆ ನಾನೇ ಗುರುತು ಹಾಕುವ ಹಾಗಿಲ್ಲ. ಚುಕ್ಕೆ ಇದ್ದರೆ ಬೋಲ್ಟು ಬಿಗಿಯಾಗಿದೆ ಎಂದಷ್ಟೇ ಅರ್ಥ. ಆದರೆ ಬರುವವರು ಇಡೀ ಗಾಡಿಯೇ ಸರಿ ಇದೆ ಎಂದು ತಿಳಿಯುತ್ತಿದ್ದರು. ತಿಳಿಯಲಿ ಬಿಡು ಎಂದು ನಾನೂ ಸುಮ್ಮನಿರುತ್ತಿದ್ದೆ.

ಆ ನೀಲಿ ಗಾಡಿ ಗುಜರಿಯಿಂದ ನಾನು ತಂದು ಎಬ್ಬಿಸಿ ಮೇಷ್ಟ್ರಿಗೆ ಮಾರಿದ್ದು. ಹ್ಯಾಂಡಲ್ ಕೂರುವ ಕುತ್ತಿಗೆಯ ಕೆಳಗೆ, ಚಾಸಿಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಬೆಸುಗೆ ಹಾಕಿಸಬೇಕಿತ್ತು. ವೆಲ್ಡಿಂಗಿನವನು ಆ ವಾರ ಊರಲ್ಲಿರಲಿಲ್ಲ. ಮೇಷ್ಟ್ರು ಮಾತ್ರ ದಿನಾ ಬಂದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು, ಮೊದಲ ಸಲ ಗುಡ್ಡ ಹತ್ತುತ್ತೇನೆ ಎನ್ನುತ್ತಿದ್ದರು. ಇನ್ನೊಂದು ವಾರ ತಡೆಯಿರಿ ಎನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ಬೇರೆ ಅಂಗಡಿಗೆ ಹೋಗಿಬಿಡುತ್ತಾರೆ ಎಂಬ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ. ನೀನು ಊಟಕ್ಕೆ ಹೋದಾಗ ಬಿರುಕಿಗೆ ಪುಟ್ಟಿ ಮೆತ್ತಿ, ಉಜ್ಜಿ, ನೀಲಿ ಬಣ್ಣ ಹೊಡೆದೆ. ನೀನು ಬಂದು ಸೀಟಿ ಹೊಡೆಯುತ್ತ ಒಂದೊಂದು ಬೋಲ್ಟೂ ನೋಡಿದೆ, ಒಂದೊಂದಕ್ಕೂ ಚುಕ್ಕೆ ಇಟ್ಟೆ. ಬಣ್ಣ ಇನ್ನೂ ಹಸಿ ಇದೆಯಲ್ಲ ಅಮ್ಮಾ ಎಂದು ನೀನು ಕೇಳಿದ್ದೆ ಕೂಡ. ಚೆಂದ ಕಾಣಲಿ ಅಂತ ಇನ್ನೊಂದು ಕೈ ಹೊಡೆದೆ ಎಂದೆ ನಾನು.

ನಿನ್ನೆ ನೋಡಿದರೆ ಆ ಜಾಗದಲ್ಲಿ ನೀಲಿ ಬಣ್ಣ ಗೆರೆಯಾಗಿ ಎದ್ದುಬಂದಿದೆ. ಬಿರುಕು ಬಾಯಿ ಬಿಟ್ಟಿದೆ. ಮೇಷ್ಟ್ರು ಪಕ್ಕದಲ್ಲೇ ನಿಂತು, "ಚಿಕ್ಕ ಮೇಸ್ತ್ರಿ ಚುಕ್ಕೆ ಇತ್ತಲ್ಲ, ಅದನ್ನ ನೋಡೇ ಧೈರ್ಯವಾಗಿ ತಗೊಂಡಿದ್ದೆ" ಎಂದರು. ಬುಧವಾರ ಸಂಜೆ ಇನ್ನೊಬ್ಬರು ಗಾಡಿ ನೋಡುವುದಕ್ಕೆ ಬರುತ್ತಾರೆ ಎಂದೂ ಹೇಳಿದರು. ನಾನು ಏನು ಮಾಡಿದೆ ಹೇಳು? ಚೈನು ಹೋಗಿದೆ, ನನ್ನ ಮಗಳಿಗೆ ಆಗಿಬರುವುದಿಲ್ಲ ಎಂದು ಹೇಳಿ, ಅವರ ಮನೆಯ ಚಹಾ ಕುಡಿದು, ಎದ್ದು ಬಂದೆ. ಬೆಳ್ಳಿ ಬಣ್ಣದವನು, ಸೆಂಟಿನವನು, ನಂಬರು ಉಜ್ಜಿದವರು, ಎಲ್ಲರನ್ನೂ ಥೂ ಥೂ ಎಂದು ಉಗಿದ ಬಾಯಲ್ಲೇ. ನನಗೆ ನನ್ನ ಮೇಲೆ ಎಂಥ ಅಸಹ್ಯ ಬಂದಿದೆ ಎಂದರೆ, ಬೆಳಗಿನಿಂದ ಕನ್ನಡಿ ಇರುವ ಕಡೆ ಹೋಗಿಲ್ಲ.

ಈಗ ನಿನ್ನ ಗಾಡಿಯ ವಿಷಯ. ಮೇಷ್ಟ್ರ ಮನೆಯಿಂದ ಹೊರಟವಳಿಗೆ ಮನೆಗೆ ಬರುವ ಮನಸ್ಸಾಗಲಿಲ್ಲ. ಕರೆಂಟು ಕಂಪನಿಯ ಒಬ್ಬ ಲೈನ್‌ಮನ್ ಗಾಡಿ ಮಾರುತ್ತಿದ್ದಾರೆ ಎಂದು ಯಾರೋ ಹೇಳಿದ್ದರು, ಅಲ್ಲಿಗೆ ಹೋದೆ. ಗುಡ್ಡದ ಮೇಲಿನ ಕಂಬಗಳನ್ನು ನೋಡಿ ಬರುವುದಕ್ಕೆ ಆರು ವರ್ಷ ಓಡಿಸಿದ್ದಾರೆ, ಈಗ ಅವರಿಗೆ ಜೀಪು ಕೊಟ್ಟಿದ್ದಾರಂತೆ. ಗಾಡಿಯ ಅವತಾರ ನೋಡಿದರೆ ನೀನು ಅತ್ತುಬಿಡುತ್ತೀಯ. ಟ್ಯಾಂಕು ನೆಗ್ಗಿದೆ, ಸೀಟು ಹರಿದಿದೆ, ಹಸಿರೋ ಕಂದೋ ಹೇಳುವುದಕ್ಕಾಗದ ಬಣ್ಣ. ನಾನು ಕೂರುವ ಮೊದಲೇ ಆ ಮನುಷ್ಯ ದೋಷಗಳ ಪಟ್ಟಿ ಒಪ್ಪಿಸಿದರು. "ಹಿಂದಿನ್ ಬ್ರೇಕ್ ಮೆತ್ತಗಿದೆ, ಎಡಗಡೆ ಎರಡ್ಸಲ ಬಿದ್ದಿದೆ, ಸ್ಪೀಡು ಕೇಳ್ಬೇಡಿ" ಎಂದರು. ಅಷ್ಟು ಹೇಳಿ ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತರು.

ಎಂಜಿನ್ ತಣ್ಣಗಿತ್ತು, ಎರಡನೆಯ ಒದೆತಕ್ಕೆ ಎದ್ದಿತು. ಗಾಳಿ ಫಿಲ್ಟರು ಶುದ್ಧ. ಫೋರ್ಕಿನಲ್ಲಿ ಎಣ್ಣೆ ಸೋರಿಲ್ಲ. ಕಾಗದಪತ್ರ ಸರಿಯಾಗಿದೆ. ಸೀಟಿನಲ್ಲಿ ಕೂತರೆ ನನ್ನಂಥ ಕುಳ್ಳಿಯ ಎರಡೂ ಪಾದ ನೆಲಕ್ಕೆ ತಾಗುತ್ತವೆ, ಬಿದ್ದರೂ ನೀನೊಬ್ಬಳೇ ಎತ್ತಿ ನಿಲ್ಲಿಸಬಹುದು. ಬಿಡಿಭಾಗ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಚಾಸಿಯ ಕುತ್ತಿಗೆಯನ್ನು ಮರಳುಕಾಗದದಿಂದ ಉಜ್ಜಿ, ಬರೀ ಕಬ್ಬಿಣ ಕಾಣುವವರೆಗೂ ಉಜ್ಜಿ ನೋಡಿದೆ. ಬಿರುಕಿಲ್ಲ. ಅಲ್ಲಿ ಬಣ್ಣ ಹೊಡೆಯದೆ ಹಾಗೇ ಬಿಟ್ಟು, ತುಕ್ಕು ಹಿಡಿಯದಿರಲೆಂದು ಗ್ರೀಸ್ ಸವರಿದ್ದೇನೆ.

ಗಾಡಿಯನ್ನು ಕೊಂಡು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದೇನೆ. ಎಲ್ಲ ಬೋಲ್ಟನ್ನೂ ಬಿಗಿದಿದ್ದೇನೆ, ಒಂದಕ್ಕೂ ಚುಕ್ಕೆ ಇಟ್ಟಿಲ್ಲ. ನೀನೇ ಬಾ. ದೊಡ್ಡ ಲೈಟು ಹಾಕಿಕೊಂಡು, ನಿನ್ನ ಅಂಗಡಿಯ ಭೂತಗನ್ನಡಿ ಇದ್ದರೆ ಅದನ್ನೂ ತಂದು ನೋಡು. ಅಮ್ಮ ಆರಿಸಿದ್ದು ಎಂದು ಕಣ್ಣು ಮುಚ್ಚಿ ಹತ್ತಬೇಡ. ನಿನ್ನ ಉಗುರುಬಣ್ಣದ ಬಾಟಲಿ ಕಿಟಕಿಯ ಮೇಲೇ ಇದೆ.

ಮೇಷ್ಟ್ರಿಗೆ ನಿಜ ಹೇಳಬೇಕು. ಬುಧವಾರದ ಒಳಗೆ ಹೇಳುತ್ತೇನೆ.

ಬೈಯುವುದಿದ್ದರೆ ಬಂದು ಎದುರಿಗೆ ನಿಂತು ಬೈದುಬಿಡು,

ನಿನ್ನ ಅಮ್ಮ
(ದೊಡ್ಡ ಮೇಸ್ತ್ರಿ ಎಂದು ಬರೆದುಕೊಳ್ಳುವುದಕ್ಕೆ ಇವತ್ತು ಮನಸ್ಸಿಲ್ಲ)

ಮರೆತ ಮಾತು, ಬುಧವಾರ ಬೆಳಿಗ್ಗೆ:

ಮರೆತದ್ದಲ್ಲ, ಮುಚ್ಚಿಟ್ಟದ್ದು. ಮೂರು ದಿನ ಈ ಕಾಗದ ಅಂಟಿಸದೆ ಇಟ್ಟುಕೊಂಡಿದ್ದೆ, ಯಾಕೆಂದರೆ ಮೇಲೆ ಒಂದು ಸುಳ್ಳಿದೆ. ಮೇಷ್ಟ್ರು ಬಿದ್ದದ್ದು ನನಗೆ ಶನಿವಾರ ಗೊತ್ತಾದದ್ದಲ್ಲ. ಎರಡು ವರ್ಷದ ಹಿಂದೆ, ನೀನು ಹೊಸ ಕೆಲಸಕ್ಕೆ ಹೋದ ತಿಂಗಳು, ಕೈಗೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜಿಗೆ ಬಂದಿದ್ದರು. ಹ್ಯಾಂಡಲ್ ತಾನೇ ತಿರುಗಿದ ಹಾಗಾಯಿತು, ಯಾಕಿರಬಹುದು ಎಂದು ಕೇಳಿದರು. ನಾನು ಗಾಡಿ ನೋಡುವುದಕ್ಕೂ ಹೋಗದೆ, "ಕಲ್ಲಿಗೆ ಹೊಡ್ಸಿರ್ತೀರ ಮೇಷ್ಟ್ರೇ" ಎಂದೆ. ನಂಬಿದರು. ಥ್ಯಾಂಕ್ಸ್ ಹೇಳಿ ಹೋದರು. ಶನಿವಾರ ಅವರ ಬಾಯಲ್ಲಿ ಬಂದದ್ದು ನಾನು ಕಲಿಸಿಕೊಟ್ಟ ಮಾತು. ನೀನು ಅವರನ್ನು ಕೇಳಿದಾಗಲೆಲ್ಲ ಅವರಿಗೆ ವರ್ಗವಾಯಿತು ಎಂದೆನಲ್ಲ, ಅದೂ ಸುಳ್ಳೇ.

ಈಗಷ್ಟೇ ಅವರ ಮನೆಯಿಂದ ಬಂದೆ. ಎಲ್ಲ ಹೇಳಿದೆ, ಬಿರುಕಿಗೆ ಬೆರಳಿಟ್ಟು ತೋರಿಸಿದೆ, ಗಾಡಿಯನ್ನು ಯಾರಿಗೂ ಕೊಡಬೇಡಿ ಎಂದೆ. ಅವರು ಬೈಯಲಿಲ್ಲ. ಆ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಇದು ನಿಮ್ಮ ಮಗಳಿಗೆ ಗೊತ್ತಿತ್ತೇ ಎಂದು ಒಂದೇ ಮಾತು ಕೇಳಿದರು. ಅವಳಿಗೆ ಇವತ್ತಿಗೂ ಗೊತ್ತಿಲ್ಲ ಎಂದೆ. "ಮೊದ್ಲು ಅವಳಿಗೆ ಹೇಳಿ. ಆಮೇಲೆ ನನ್ ಹತ್ರ ಕ್ಷಮೆ ಕೇಳೋಕೆ ಬನ್ನಿ" ಎಂದು ಎಡಗೈಯಿಂದ ಬಾಗಿಲು ಹಾಕಿಕೊಂಡರು.

ಹೇಳಿದ್ದೇನೆ.