ಬುರುಡೆಗೆ ದಂಡ

ಗೆಳತೀ,

ಇದನ್ನು ಕಳಿಸಲು ನಿನ್ನ ವಿಳಾಸ ನನ್ನಲ್ಲಿಲ್ಲ. ಆದರೂ ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಇವತ್ತು ನನ್ನ ಪಿಎಚ್‌ಡಿಯ ಮೌಖಿಕ ಪರೀಕ್ಷೆ ಮುಗಿಯಿತು. ಏನೂ ತಯಾರಿಯಿಲ್ಲದೆ ಬಂದುಬಿಟ್ಟೆನಲ್ಲ ಎಂದು ಬಾಗಿಲಲ್ಲೇ ಅನ್ನಿಸಿತ್ತು. ನಮ್ಮ ಗೈಡ್ ವರ್ಷಗಟ್ಟಲೆ ಹೇಳಿದ್ದು "ಚೆನ್ನಾಗಿದೆ, ಮುಂದುವರಿಸಮ್ಮಾ" ಅಷ್ಟೇ ತಾನೇ? ಅದಕ್ಕೇ ಅಲ್ಲವೇ ನಾವಿಬ್ಬರೂ ಲ್ಯಾಬಿನಲ್ಲಿ ಸರದಿಯಂತೆ ಪರೀಕ್ಷಕರಾಗಿ ಒಬ್ಬರನ್ನೊಬ್ಬರು ಹುರಿದು ಮುಕ್ಕುತ್ತಿದ್ದದ್ದು! ಗೊತ್ತಿಲ್ಲದ್ದಕ್ಕೆ ಬುರುಡೆ ಬಿಟ್ಟವರು ಇಬ್ಬರ ಫ್ಲಾಸ್ಕುಗಳನ್ನೂ ತೊಳೆಯಬೇಕು. ಅದು ನೀನು ಹಾಕಿದ ದಂಡ.

ಹೊರಗಿನಿಂದ ಬಂದ ಪರೀಕ್ಷಕರು, "ಇಷ್ಟು ತಣ್ಣಗಿದ್ರೂ ಈ ಎಂಜೈಮ್ ಯಾಕೆ ಕೆಲಸ ಮಾಡ್ತಿದೆ?" ಎಂದರು. ಬುರುಡೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ಗೊತ್ತಿಲ್ಲ ಸರ್. ಆದ್ರೆ ಹೇಗೆ ಕಂಡುಹಿಡೀಬೇಕು ಅಂತ ಹೇಳ್ತೀನಿ" ಎಂದು ಎದ್ದು ಬೋರ್ಡಿನ ತುಂಬ ಬರೆದೆ.

"ಭೇಷ್! ಹೀಗೆ ಉತ್ತರ ಹೇಳೋದನ್ನ ಯಾರು ಕಲಿಸಿದ್ದು?"

ಗೈಡ್ ಕಾಲರ್ ಸರಿಮಾಡಿಕೊಂಡರು.

"ಪಿಎಚ್‌ಡಿ ಮಧ್ಯದಲ್ಲೇ ಬಿಟ್ಟುಹೋದ ನನ್ನ ಗೆಳತಿ ಸರ್" ಎಂದೆ, ತಲೆಯೆತ್ತಿಯೇ.

ಡಾಕ್ಟರ್ ಆದ ಮೇಲೆ ನಾನು ಮಾಡಿದ ಮೊದಲ ಕೆಲಸ ಫ್ಲಾಸ್ಕು ತೊಳೆದದ್ದು. ನನ್ನವೂ, ಕಪಾಟಿನಲ್ಲೇ ಉಳಿದ ನಿನ್ನವೂ. ನೀನು ಹೊರಟ ದಿನ "ಹೋಗೇ, ನೀನಿಲ್ದಿದ್ರೆ ನನಗೇನೂ ಆಗಲ್ಲ" ಎಂದಿದ್ದೆನಲ್ಲ, ಆ ಬುರುಡೆಗೆ.